ಮುಂಡಪ್ಪ ಬರೆದ ಚಕ್ರವರ್ತಿ

ಮುಂಡಪ್ಪ ಹದಿನೆಂಟು ವರ್ಷ ಸತ್ತವರ ಮುಖ ಬರೆದ. ಅದೇ ಅವನ ಹೊಟ್ಟೆಪಾಡು. ಬೊಂಬಾಯಿ ಹತ್ತಿರದ ಠಾಕುರ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಚಾಳಿನ ಕೊನೆಯ ಖೋಲಿ ಅವನದು. ಬಾಗಿಲ ಮೇಲೆ ‘ಮುಂಡಪ್ಪ ಆರ್ಟ್ಸ್’ ಎಂದು ಕನ್ನಡ, ಮರಾಠಿ ಎರಡರಲ್ಲೂ ಬೋರ್ಡು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗೆ ಒಂದು ಪಟ ಬೇಕಲ್ಲ? ಡೊಂಬಿವಲಿ, ಕಲ್ಯಾಣದ ಕಡೆಯ ಕನ್ನಡದವರು ಅದಕ್ಕೆಂದು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಫೋಟೋ ಒಂದನ್ನು ಕೈಗಿಟ್ಟು, “ಇದನ್ನು ದೊಡ್ಡದು ಮಾಡಿ ಕೊಡಿ” ಎನ್ನುತ್ತಿದ್ದರು. ಸ್ಟುಡಿಯೋದಲ್ಲಿ ಅದನ್ನು ಹಿಗ್ಗಿಸಿ ತಂದು, ಅದರ ಮೇಲೆ ಬಣ್ಣ ತುಂಬಿ, ಬರಿಮೈಯವನಿಗೆ ಕೋಟು ತೊಡಿಸಿ ಟೈ ಕಟ್ಟುವುದು ಮುಂಡಪ್ಪನ ಕೆಲಸ. ಮುಖ ಮಾತ್ರ ಸತ್ತವರದ್ದು, ಕೋಟು ಮುಂಡಪ್ಪನದ್ದು.

ಕಲಬುರಗಿ ಕಡೆಯ ಮಾಪಣ್ಣನೆಂಬ ಹಮಾಲಿ ಒಮ್ಮೆ ಬಂದು ಕೂತು ಹೇಳಿದ್ದ: “ನಮ್ಮಪ್ಪಗ ಒಂದು ಕೋಟ್ ಹಾಕ್ರಿ ಅಣ್ಣಾರ. ಜಿಂದಗಿಯೊಳಗ ಹರಕಂಗಿ ಬಿಟ್ರ ಏನೂ ಕಂಡಿದ್ದಿಲ್ಲ ಅಂವ.” ಅಂಥವರಿಗೆ ಮುಂಡಪ್ಪ ಖುಷಿಯಿಂದಲೇ ಬರೆದುಕೊಡುತ್ತಿದ್ದ. ಆದರೆ ಎಲ್ಲರೂ ಮಾಪಣ್ಣ ಆಗಿರಬೇಕಲ್ಲ? ನಾಲ್ಕು ಗಂಡುಮಕ್ಕಳಿದ್ದ ಮನೆಯವರು ಬಂದರೆ ಮುಗಿಯಿತು. ಅಪ್ಪನ ಮೂಗು ಹೀಗಿರಲಿಲ್ಲ ಎಂದು ಒಬ್ಬ, ಹೀಗೇ ಇತ್ತು ಎಂದು ಇನ್ನೊಬ್ಬ. ನರೂಲಿ ಎಡಗೆನ್ನೆಯ ಮೇಲಿತ್ತೋ ಬಲಗೆನ್ನೆಯ ಮೇಲಿತ್ತೋ ಎಂಬುದಕ್ಕೆ ಚಾಳಿಗೆಲ್ಲ ಕೇಳುವ ಹಾಗೆ ಜಗಳ. ನೋಡಿ ಹೇಳೋಣ ಅಂದರೆ ಆ ಮನುಷ್ಯನೇ ಇಲ್ಲ! ಮುಂಡಪ್ಪನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಒಬ್ಬನಾದರೂ, ಒಬ್ಬನೇ ಒಬ್ಬನಾದರೂ ಬದುಕಿರುವವನು ತನ್ನೆದುರು ಬಂದು ಕೂತು, ಕಣ್ಣು ಪಿಳುಕಿಸುತ್ತ, ತನ್ನನ್ನು ಬರೆಸಿಕೊಳ್ಳಬೇಕು. ಕುಂಚ ಹಿಡಿದ ಜನ್ಮಕ್ಕೆ ಅಷ್ಟಾದರೆ ಸಾಕಿತ್ತು ಅವನಿಗೆ.

ಈ ಹುಚ್ಚು ಹೆಚ್ಚಾದದ್ದು ಕಲ್ಯಾಣದ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಪುಸ್ತಕದಿಂದ. ರಟ್ಟು ಹರಿದಿತ್ತು, ಒಳಗಿನ ಚಿತ್ರಗಳು ಮಾತ್ರ ಹೊಸದರಂತಿದ್ದವು. ಯುರೋಪಿನ ಚಕ್ರವರ್ತಿಗಳು, ಅವರ ರಾಣಿಯರು, ಅವರ ದರ್ಬಾರಿನ ಉಡುಪು. ಒಬ್ಬ ಚಕ್ರವರ್ತಿಯಂತೂ ಹಾಳೆ ತುಂಬ ನಿಂತಿದ್ದ. ಭುಜದಿಂದ ನೆಲಕ್ಕೆ ಇಳಿಬಿದ್ದ ಕೆಂಪು ಮಖಮಲ್ಲಿನ ನಿಲುವಂಗಿ, ಅದರ ಅಂಚಿಗೆ ಬಿಳಿಯ ತುಪ್ಪಳ, ತುಪ್ಪಳದ ನಡುನಡುವೆ ಕಪ್ಪು ಚುಕ್ಕಿ. ಎದೆಗೆ ಅಡ್ಡಲಾಗಿ ನೀಲಿ ಪಟ್ಟಿ, ಕೈಗೆ ಲೇಸು, ಕಾಲಿಗೆ ಬಿಳಿಯ ರೇಷ್ಮೆ ಕಾಲುಚೀಲ. ಏಳನೇ ಕ್ಲಾಸಿನ ಇಂಗ್ಲಿಷನ್ನೂ ಒಂದು ಡಿಕ್ಷನರಿಯನ್ನೂ ಇಟ್ಟುಕೊಂಡು ಮುಂಡಪ್ಪ ಎರಡು ವರ್ಷ ಆ ಪುಸ್ತಕ ಓದಿದ. ಕಪ್ಪು ಚುಕ್ಕಿಯೆಂದರೆ ಒಂದು ಬಗೆಯ ಮುಂಗುಸಿಯಂಥ ಪ್ರಾಣಿಯ ಬಾಲದ ತುದಿ. ಒಂದು ಚುಕ್ಕಿಗೆ ಒಂದು ಪ್ರಾಣಿ. ರಾಜರು ಕಲಾವಿದನ ಎದುರು ಕೂರುತ್ತಿದ್ದುದು ಮುಖಕ್ಕಷ್ಟೇ; ಬಟ್ಟೆಯನ್ನು ಮರದ ಗೊಂಬೆಗೆ ತೊಡಿಸಿ ಬರೆಯುತ್ತಿದ್ದರು. ಆಮೇಲೆ ಅದರದೇ ನಕಲು ತೆಗೆದು ದೇಶದೇಶಕ್ಕೆ ಕಳಿಸುತ್ತಿದ್ದರು. ರಾಜ ಇಲ್ಲದ ಕಡೆ ಪಟವೇ ರಾಜ, ಅದರೆದುರು ಟೊಪ್ಪಿ ತೆಗೆಯಬೇಕು. ಓದುತ್ತ ಓದುತ್ತ ಮುಂಡಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಬದುಕಿದ್ದವನು ನೂರು ಕಡೆ ಬದುಕಿರಲೆಂದು ಪಟ ಬರೆಸುತ್ತಾರೆ, ಇಲ್ಲಿ ನೋಡಿದರೆ ಉಸಿರು ನಿಂತ ಮೇಲೆಯೇ ನೆನಪಾಗುವುದು ಮುಂಡಪ್ಪನ ವಿಳಾಸ!

ಎಪ್ಪತ್ತೊಂಬತ್ತರ ಏಪ್ರಿಲಿನಲ್ಲಿ ಠಾಣೆ ಪೇಟೆಯ ಹೋಟೆಲು ಮಾಲೀಕ ಜಯಶೀಲ ಶೆಟ್ಟರು ದರಪಟ್ಟಿಯ ಬೋರ್ಡು ಬರೆಸಲು ಬಂದರು. ಸ್ಟೇಷನ್ ಹತ್ತಿರದ ಅವರ ಹಳೆಯ ಹೋಟೆಲು ಚೆನ್ನಾಗಿ ನಡೆಯುತ್ತಿತ್ತು. ಈಗ ತಲಾವ್ ಪಾಳಿಯ ಕಡೆ ‘ದರ್ಬಾರ್ ಲಂಚ್ ಹೋಮ್’ ಎಂದು ದೊಡ್ಡದೊಂದನ್ನು ಎಬ್ಬಿಸುತ್ತಿದ್ದರು. ಮೇಜಿನ ಮೇಲೆ ತೆರೆದಿದ್ದ ಪುಸ್ತಕದ ಕಡೆ ಅವರ ಕಣ್ಣು ಹೋಯಿತು.

“ಇದು ಯಾರು ಮಾರಾಯ, ಭಾರೀ ಗತ್ತಿನ ಮನುಷ್ಯ?”

“ಯುರೋಪಿನ ಚಕ್ರವರ್ತಿ ಶೆಟ್ರೇ. ಹೆಸರು ಹೇಳ್ಲಿಕ್ಕೆ ನನ್ನ ನಾಲಗೆ ತಿರುಗುವುದಿಲ್ಲ.”

“ನನ್ನ ಹೋಟೆಲಿನ ಹೆಸರೇ ದರ್ಬಾರ್. ಹೀಗೇ ನನ್ನದೊಂದು ಬರಿ. ಆಳೆತ್ತರಕ್ಕೆ. ಗಲ್ಲಾದ ಹಿಂದಿನ ಗೋಡೆಗೆ ಹಾಕುವ.”

ಮುಂಡಪ್ಪನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. “ನಿಮ್ಮದಾ? ಈಗಲೇನಾ?”

“ಮತ್ತೆ? ನಾನು ಸಾಯುವವರೆಗೆ ಕಾಯ್ತೀಯಾ?” ಎಂದು ಶೆಟ್ಟರು ನಕ್ಕರು. “ಅಮ್ಮನಿಗೆ ಮಾತ್ರ ಹೇಳಬೇಡ. ಉದ್ಘಾಟನೆ ದಿವಸ ಒಮ್ಮೆಲೇ ತೋರಿಸುವ.”

ಅವತ್ತು ಮುಂಡಪ್ಪ ದರಪಟ್ಟಿಯಲ್ಲಿ ಇಡ್ಲಿಯ ರೇಟನ್ನು ಎರಡು ಸಲ ತಪ್ಪು ಬರೆದ.

ಹಳೆಯ ಹೋಟೆಲಿನ ಅಟ್ಟದ ಮೇಲೆ, ಅಕ್ಕಿ ಮೂಟೆಗಳ ನಡುವೆ ಕ್ಯಾನ್ವಾಸು ನಿಂತಿತು. ಮಧ್ಯಾಹ್ನ ಊಟದ ಗಿರಾಕಿಗಳು ಮುಗಿದ ಮೇಲೆ ಮೂರು ಗಂಟೆಗೆ ಶೆಟ್ಟರು ಬಂದು ಕೂರಬೇಕು ಎಂದು ಮಾತಾಗಿತ್ತು. ಬಂದರೆ ತಾನೆ! ಒಂದು ದಿನ ಗ್ಯಾಸಿನವನು, ಒಂದು ದಿನ ಮೀನಿನವಳು, ಒಂದು ದಿನ ಮುನ್ಸಿಪಾಲಿಟಿಯವರು. ಬಂದು ಕೂತರೂ ಐದೇ ನಿಮಿಷಕ್ಕೆ ಗೊರಕೆ. “ಶೆಟ್ರೇ, ಕಣ್ಣು ಬಿಡಿ, ನಿದ್ದೆ ಮಾಡುವವರನ್ನು ಬರೆದು ಬರೆದು ಸಾಕಾಗಿದೆ ನನಗೆ” ಎಂದು ಮುಂಡಪ್ಪ ಬೈಯುತ್ತಿದ್ದ.

ಕಣ್ಣು ಬಿಟ್ಟರೆ ಬಾಯಿ. ಭಾವ ದುಬೈಯಿಂದ ತಂದುಕೊಟ್ಟ ವಾಚು ಪಟದಲ್ಲಿ ಕಾಣಲೇಬೇಕಂತೆ.

“ಆಗಿನ ಕಾಲದಲ್ಲಿ ಕೈಗಡಿಯಾರ ಇರಲಿಲ್ಲ ಶೆಟ್ರೇ.”

“ಆಗ ನಾನಿದ್ದೆನಾ? ನನ್ನನ್ನು ಹಾಕ್ತಿ, ವಾಚನ್ನೂ ಹಾಕು.”

ಇದಕ್ಕೆ ಏನು ಹೇಳುತ್ತೀರಿ? ಮುಂಡಪ್ಪ ಮುಂಗೈಯ ಲೇಸನ್ನು ಇನ್ನೂ ನಾಲ್ಕು ಬೆರಳು ಉದ್ದ ಬರೆದು, “ವಾಚು ಅದರ ಒಳಗೆ ಉಂಟು” ಎಂದುಬಿಟ್ಟ. ಆಮೇಲೆ ಕಾಲುಚೀಲದ ತಕರಾರು. ಅದು ಹೆಂಗಸರದಂತೆ ಕಾಣುತ್ತದಂತೆ, ಬಂಟರ ಸಂಘದಲ್ಲಿ ಮುಖ ಎತ್ತಿ ತಿರುಗುವುದು ಹೇಗಂತೆ. ಪುಸ್ತಕದಲ್ಲಿ ಅಷ್ಟು ಚಂದದ ಕಾಲುಗಳು, ಅವುಗಳಿಗಾಗಿ ಮುಂಡಪ್ಪ ವಾರಗಟ್ಟಲೆ ಕೈ ಪಳಗಿಸಿದ್ದ. ಹಲ್ಲು ಕಚ್ಚಿಕೊಂಡು ನಿಲುವಂಗಿಯನ್ನು ಮುಂದೆ ಎಳೆದು ಕಾಲು ಮುಚ್ಚಿದ.

ನಿಲುವಂಗಿಗೆ ಮರದ ಗೊಂಬೆ ಎಲ್ಲಿಂದ ತರುವುದು? ಹೆಂಡತಿ ಉಮಾವತಿಯನ್ನೇ ಕೂರಿಸಿದ. ಮನೆಯ ಕೆಂಪು ಚಾದರಕ್ಕೆ ಹಳೆಯ ದಿಂಬಿನ ಹತ್ತಿಯನ್ನು ಅಂಚಿನುದ್ದಕ್ಕೂ ಹೊಲಿದು, ಕಪ್ಪು ಉಲ್ಲನ್ನಿನ ತುಂಡುಗಳನ್ನು ಸಿಕ್ಕಿಸಿ, ಅವಳ ಹೆಗಲಿಗೆ ಹೊದೆಸಿ, ಮಡಿಕೆ ಮಡಿಕೆಯನ್ನೂ ಕಾಗದದ ಮೇಲೆ ಬರೆದುಕೊಂಡ. ಮನೆಯೊಳಗೆ ತುಳುವಿನಲ್ಲಿ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

“ಇದೆಂಥದು, ಇಡ್ಲಿಗೆ ಕಾಳುಮೆಣಸು ಹಾಕಿದ ಹಾಗೆ? ಈ ಸೆಖೆಗೆ ನಿಮ್ಮ ರಾಜ ಬೆಂದೇ ಸತ್ತಿರಬೇಕು.”

“ಅಲ್ಲಿ ಹಿಮ ಬೀಳ್ತದೆ. ಅಲ್ಲಾಡಬೇಡ.”

“ಕುಕ್ಕರ್ ಕೂಗಿತು, ನಾನು ಏಳ್ಳಿಕ್ಕುಂಟು. ಚಕ್ರವರ್ತಿಗೆ ಅನ್ನ ಬೇಡವಾ?”

ಹೀಗೆ ಚಕ್ರವರ್ತಿಯ ಮೈ ಠಾಕುರ್ಲಿಯಲ್ಲಿ, ಮುಖ ಠಾಣೆಯಲ್ಲಿ ಬೆಳೆಯಿತು. ಮುಖದ ಸುದ್ದಿಯೇ ಬೇರೆ. ಎದುರಿಗೆ ಕೂತವನ ಮುಖ ಒಂದೇ ಥರ ಇರುವುದಿಲ್ಲ ಎಂಬುದು ಮುಂಡಪ್ಪನಿಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಕೆಳಗೆ ಪಾತ್ರೆ ಬಿದ್ದ ಸದ್ದಾದರೆ ಶೆಟ್ಟರ ಎಡಹುಬ್ಬು ಏಳುತ್ತಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಬೊಂಬಾಯಿಗೆ ಬಂದು ಗ್ಲಾಸು ತೊಳೆದ ದಿನಗಳನ್ನು ಹೇಳುವಾಗ ಕೆಳದುಟಿ ಒಂಚೂರು ಒಳಗೆ ಹೋಗುತ್ತಿತ್ತು. ಇಪ್ಪತ್ತೆರಡು ಮಧ್ಯಾಹ್ನಗಳಲ್ಲಿ ಅಷ್ಟನ್ನೂ ಹಿಡಿದ. ಕಡೆಯ ದಿನ ಬಲಗಣ್ಣಿನ ಬೆಳಕಿನ ಚುಕ್ಕಿ ಇಟ್ಟು ಹಿಂದೆ ಸರಿದು ನೋಡಿದರೆ, ಪಟದೊಳಗಿನ ಮನುಷ್ಯ ಇನ್ನೇನು ‘ಏ ಮಾರಾಯ’ ಎನ್ನುವಂತಿದ್ದ. ಮುಂಡಪ್ಪನಿಗೆ ಅಳುವೇ ಬಂತು. ಅಕ್ಕಿ ಮೂಟೆಯ ಮೇಲೆ ಕೂತು ಚೆನ್ನಾಗಿ ಅತ್ತ.

ಉದ್ಘಾಟನೆಯ ಹಿಂದಿನ ದಿನ ಪಟವನ್ನು ಗಲ್ಲಾದ ಹಿಂದಿನ ಗೋಡೆಗೆ ಏರಿಸಿ, ಬಿಳಿ ಬಟ್ಟೆ ಮುಚ್ಚಿ ಬಂದ. ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಉಮಾವತಿಯ ಜೊತೆ ಹೋಗುತ್ತಾನೆ, ಹೋಟೆಲಿನ ಬಾಗಿಲಲ್ಲೇ ನಾಲ್ಕೈದು ಜನ ಗುಸುಗುಸು ಮಾಡುತ್ತ ನಿಂತಿದ್ದಾರೆ. ಒಬ್ಬರು ಮುಂಡಪ್ಪನ ತೋಳು ಹಿಡಿದು ಮೆಲ್ಲಗೆ ಕೇಳಿದರು: “ಶೆಟ್ಟರು ಯಾವಾಗ ಹೋದದ್ದು ಮಾರಾಯ್ರೆ? ನಮಗೆ ಗೊತ್ತೇ ಆಗಲಿಲ್ಲವಲ್ಲ!”

ಒಳಗೆ ನೋಡಿದರೆ ಪಟದ ಬಟ್ಟೆ ತೆಗೆದಿದೆ. ಚಕ್ರವರ್ತಿಯ ಕೊರಳಲ್ಲಿ ಮೊಳ ಮೊಳ ಮಲ್ಲಿಗೆ ಹಾರ, ಹಣೆಗೆ ಗಂಧ, ಮುಂದೆ ಊದುಬತ್ತಿ! ಮುರಾರಿಯ ಕೆಲಸ. ಮುರಾರಿ ಹೊಸ ಹೋಟೆಲಿಗೆಂದು ಊರಿನಿಂದ ಕರೆಸಿದ ಅಡುಗೆಯವನು, ಶೆಟ್ಟರನ್ನು ಇನ್ನೂ ಸರಿಯಾಗಿ ಕಂಡಿರಲಿಲ್ಲ. ಬೆಳಗಿನ ಪೂಜೆ ಅವನ ಪಾಲಿಗೆ ಬಂದಿತ್ತು. ಗಣಪತಿಗೆ, ಕೃಷ್ಣನಿಗೆ ಹಾರ ಹಾಕಿ ತಿರುಗಿ ಬಿಳಿ ಬಟ್ಟೆ ಸರಿಸಿದರೆ ಗೋಡೆಯಲ್ಲಿ ಇಷ್ಟು ದೊಡ್ಡ ಪಟ. ಚೌಕಟ್ಟು ಹಾಕಿದ, ಬಣ್ಣದಲ್ಲಿ ಬರೆದ ಮನುಷ್ಯ ಎಂದರೆ ತೀರಿಹೋದ ಹಿರಿಯರೇ ತಾನೆ? ಉಳಿದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಹಾರವನ್ನೇ ಭಕ್ತಿಯಿಂದ ಹಾಕಿದ್ದ. ಅವನನ್ನು ಬೈದು ಏನು ಬಂತು? ಅವನು ಹುಟ್ಟಿದಾಗಿನಿಂದ ಕಂಡದ್ದೇ ಅದು, ಅದನ್ನು ಮನೆಮನೆಗೆ ಬರೆದುಕೊಟ್ಟವರು ಮುಂಡಪ್ಪನಂಥವರೇ.

ಆಗ ಜಯಶೀಲ ಶೆಟ್ಟರ ತಾಯಿ ಪುಷ್ಪಾವತಿಯಮ್ಮ ಮಗನ ಕೈ ಹಿಡಿದುಕೊಂಡು ಒಳಗೆ ಬಂದರು. ಹಾರ ಹಾಕಿದ ಮಗನ ಪಟ ನೋಡಿದರು. ಅವರು ಕಿರುಚಿದ ಸದ್ದಿಗೆ ರಸ್ತೆಯ ರಿಕ್ಷಾಗಳು ನಿಂತವು. “ತೆಗೀರಿ! ತೆಗೀರಿ ಅದನ್ನು! ನನ್ನ ಮಗ ಇನ್ನೂ ಬದುಕಿದ್ದಾನೆ!” ಎಂದು ನೆಲಕ್ಕೆ ಕೂತುಬಿಟ್ಟರು. ರಿಬ್ಬನ್ನು ಕತ್ತರಿಸಲು ಬಂದ ದೊಡ್ಡ ಮನುಷ್ಯರು ಚಾ ಕುಡಿಯದೆ ಹೋದರು.

ಮೂರು ದಿನ ಕಳೆದ ಮೇಲೆ ಶೆಟ್ಟರು ಹೇಳಿಕಳಿಸಿದರು. ಪಟ ಹಳೆಯ ಹೋಟೆಲಿನ ಅಟ್ಟಕ್ಕೆ ವಾಪಸು ಬಂದಿತ್ತು.

“ನನ್ನ ಮುಖ ತೆಗಿ. ಅಪ್ಪನ ಮುಖ ಹಾಕು” ಎಂದರು.

“ಶೆಟ್ರೇ, ಇದು ಎದುರಿಗೆ ಕೂರಿಸಿ ಬರೆದದ್ದು.”

“ಗೊತ್ತುಂಟು. ಆದರೆ ಅಮ್ಮ ಮೂರು ದಿವಸದಿಂದ ಊಟ ಮಾಡಲಿಲ್ಲ. ಅಪ್ಪನದ್ದಾದರೆ ಯಾರೂ ಏನೂ ಹೇಳುವುದಿಲ್ಲ.”

“ಬೇಡ ಶೆಟ್ರೇ. ದುಡ್ಡು ಬೇಡ, ನಾನು ಮನೆಗೆ ತಕೊಂಡು ಹೋಗ್ತೇನೆ.”

“ನಿನ್ನ ಖೋಲಿಯ ಬಾಗಿಲಲ್ಲಿ ಇದು ಹೋಗ್ತದಾ ಮೊದಲು ನೋಡು.”

ಹೋಗುತ್ತಿರಲಿಲ್ಲ. ಮುಂಡಪ್ಪನ ಪಿತ್ತ ನೆತ್ತಿಗೇರಿತು. ಹದಿನೆಂಟು ವರ್ಷ ಕಾದು ಸಿಕ್ಕ ಒಬ್ಬ ಬದುಕಿರುವ ಮನುಷ್ಯನನ್ನೂ ತನ್ನ ಕೈಯಿಂದಲೇ ಸಾಯಿಸಬೇಕಂತೆ! ಅಪ್ಪನ ಫೋಟೋ ಎಂದು ಶೆಟ್ಟರು ಕೊಟ್ಟದ್ದು ಒಂದು ಮದುವೆಯ ಗುಂಪುಚಿತ್ರ. ಮೂರನೇ ಸಾಲಿನಲ್ಲಿ ತೊಗರಿಕಾಳಿನಷ್ಟು ದೊಡ್ಡ ಒಂದು ಮಸುಕು ಮುಖ. “ಅಪ್ಪ ಹೋದಾಗ ನನಗೆ ಎಂಟು ವರ್ಷ. ನನಗೆ ಸರಿಯಾಗಿ ನೆನಪಿಲ್ಲ. ನೀನು ಹೇಗೂ ಮಾಡ್ತೀಯಲ್ಲ, ಮಾಡು” ಎಂದು ಕೆಳಗಿಳಿದರು.

ಮುಖ ಕೆರೆದು ತೆಗೆಯಲೆಂದು ಬ್ಲೇಡು ಹಿಡಿದ ಮುಂಡಪ್ಪನ ಕೈ ಮುಂದೆ ಹೋಗಲಿಲ್ಲ. ಹೋಗಲಿಲ್ಲ ಎಂದರೆ ಹೋಗಲಿಲ್ಲ. ಬ್ಲೇಡು ಎಸೆದು ಕುಂಚ ತೆಗೆದುಕೊಂಡ. ಕೂದಲು, ಮೀಸೆ ಬೆಳ್ಳಗೆ ಮಾಡಿದ. ಕಿವಿಗೆ ಹಳೆಯ ಕಾಲದ ಟಿಕ್ಕಿ ಇಟ್ಟ. ಕೆನ್ನೆ ಸ್ವಲ್ಪ ಇಳಿಸಿ, ಹಣೆಗೆ ನಾಲ್ಕು ಗೆರೆ ಎಳೆದ. ಅಪ್ಪನ ಪಟವೆಂದರೆ ಇಷ್ಟು ಎಂಬುದು ವರ್ಷಗಳ ಕೈರೂಢಿ, ಕೈ ತಾನಾಗಿ ಓಡಿತು. ಕಣ್ಣು, ಎಡಹುಬ್ಬು, ಕೆಳದುಟಿ ಮಾತ್ರ ಇದ್ದ ಹಾಗೇ ಬಿಟ್ಟ. ಯಾರಾದರೂ ಕಂಡುಹಿಡಿದರೆ ಹಿಡಿಯಲಿ, ಬೈದರೆ ಬೈಯಲಿ ಎಂಬ ಹಟ ಅವನಿಗೆ.

ಯಾರೂ ಕಂಡುಹಿಡಿಯಲಿಲ್ಲ. ಸಂಬಂಧಿಕರು ಬಂದು, “ಅವರೇ ಎದ್ದು ಬಂದ ಹಾಗಿದೆ” ಎಂದು ಕೈಮುಗಿದರು. ಅವರನ್ನು ಕಂಡವರಾದರೂ ಯಾರಿದ್ದರು ಅಲ್ಲಿ? ಜಯಶೀಲ ಶೆಟ್ಟರಂತೂ ತನ್ನದೇ ಕಣ್ಣುಗಳನ್ನು ನೋಡುತ್ತ, “ಅಪ್ಪಾ” ಎಂದು ಬಿಕ್ಕಿ ಬಿಕ್ಕಿ ಅತ್ತರು. ಮುಂಡಪ್ಪನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇಪ್ಪತ್ತೆರಡು ದಿನ ಎದುರಿಗೆ ಕೂತವನಿಗೇ ತನ್ನ ಮುಖದ ಗುರುತು ಹತ್ತದಿದ್ದರೆ ಕುಂಚ ಹಿಡಿದು ಏನು ಪ್ರಯೋಜನ?

ಇನ್ನು ಉಳಿದದ್ದು ಪಟದ ಅಡಿಯಲ್ಲಿ ಚಿನ್ನದ ಬಣ್ಣದಲ್ಲಿ ಹೆಸರು, ಜನನ, ಮರಣ ಬರೆಯುವುದು. ಶೆಟ್ಟರು ಚೀಟಿ ಕೊಟ್ಟು ಕೆಳಗೆ ಹೋದರು. ಮುಂಡಪ್ಪ ಚೀಟಿ ಬಿಡಿಸಿದ. ಜನನ 1904, ಮರಣ 1939. ಕುಂಚ ಅದ್ದಿದವನು ಹಾಗೇ ನಿಂತ. ಮೂವತ್ತೈದು! ಮೂವತ್ತೈದರಲ್ಲಿ ಹೋದವರಿಗೆ ಅವನು ಎಪ್ಪತ್ತರ ನರೆ ಹಚ್ಚಿದ್ದ. ಮಗನಿಗೂ ತೋಚಿರಲಿಲ್ಲ, ನೆಂಟರಿಗೂ ತೋಚಿರಲಿಲ್ಲ. ಸತ್ತ ಅಪ್ಪ ಎಂದರೆ ಮುದುಕ ಎಂದು ಎಲ್ಲರೂ ನಂಬಿಬಿಟ್ಟಿದ್ದರು.

ಮೆಟ್ಟಿಲ ಮೇಲೆ ಸದ್ದಾಯಿತು. ಪುಷ್ಪಾವತಿಯಮ್ಮ ಗೋಡೆ ಹಿಡಿದುಕೊಂಡು ಒಬ್ಬರೇ ಹತ್ತಿ ಬಂದರು. ಪಟದೆದುರು ಬಹಳ ಹೊತ್ತು ನಿಂತರು.

“ಇವ ನನ್ನ ಮಗ” ಎಂದರು.

ಮುಂಡಪ್ಪ ಕುಂಚ ಕೆಳಗಿಟ್ಟ.

“ನನ್ನ ಗಂಡ ಹೋಗುವಾಗ ತಲೆಯಲ್ಲಿ ಒಂದು ಬಿಳಿ ಕೂದಲು ಇರಲಿಲ್ಲ. ಈ ಹುಬ್ಬು ಜಯಶೀಲನದ್ದು. ಹಸಿವಾದರೆ ಹೀಗೇ ತುಟಿ ಒಳಗೆ ಎಳೀತಿದ್ದ ಸಣ್ಣವನಿರುವಾಗ.”

“ತಪ್ಪಾಯ್ತಮ್ಮ” ಎಂದ ಮುಂಡಪ್ಪ. “ಬದುಕಿದ್ದ ಒಬ್ಬರನ್ನು ಬರೆಯಬೇಕು ಅಂತ ಭಾರೀ ಆಸೆ ಇತ್ತು. ಅಳಿಸ್ಲಿಕ್ಕೆ ಮನಸ್ಸೇ ಬರಲಿಲ್ಲ. ಈಗಲೇ ಅಳಿಸ್ತೇನೆ.”

ಅಮ್ಮ ಅವನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. “ಎಪ್ಪತ್ತಾಗುವಾಗ ಇವ ಹೀಗೆ ಕಾಣ್ತಾನಾ?”

“ಹೀಗೇ ಕಾಣ್ತಾರೆ ಅಮ್ಮ.”

“ಇವನಿಗೆ ಮೂವತ್ತೈದು ತುಂಬಿದಾಗಿನಿಂದ, ಅಪ್ಪನ ಹಾಗೆ ಹೋದರೆ ಅಂತ ಹೆದರಿ ಹೆದರಿ ಇದ್ದೇನೆ ನಾನು. ಮುದುಕನಾದ ಮಗನನ್ನು ನೋಡ್ಲಿಕ್ಕೆ ನಾನು ಇರುವುದಿಲ್ಲ, ಅಲ್ವಾ?” ಎಂದು ಸೆರಗಿನಿಂದ ಕಣ್ಣೊರಸಿಕೊಂಡರು. “ಈಗ ನೋಡಿಯಾಯ್ತು. ಇರಲಿ ಇದು.” ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. “ಇವನ ಅಡಿಯಲ್ಲಿ ಹೆಸರೂ ಬೇಡ, ಮರಣದ ದಿವಸವೂ ಬೇಡ; ಕೇಳಿದರೆ ಅಮ್ಮ ಬೇಡ ಅಂದರು ಅಂತ ಹೇಳು. ನನ್ನಾಣೆ ಉಂಟು, ಈ ಸಂಗತಿ ಯಾರ ಹತ್ರವೂ ಬಾಯಿ ಬಿಡಬೇಡ. ನನ್ನ ಮಗನ ಹತ್ರವೂ.”

ಮುಂಡಪ್ಪ ತಲೆಯಾಡಿಸಿದ. ಅಷ್ಟು ವರ್ಷದಲ್ಲಿ ಅವನು ಬರೆದ ಮುಖವೊಂದನ್ನು ನೋಡಿ ‘ಇವನು ಬದುಕಿದ್ದಾನೆ’ ಎಂದ ಮೊದಲನೆಯವರು ಅವರು. ಅವನಿಗೆ ಧೈರ್ಯ ಬಂತು.

“ಅಮ್ಮಾ, ಮೂಲೆಯಲ್ಲಿ ನನ್ನ ಹೆಸರು ಬರೆದುಕೊಳ್ಳಲಾ? ಇಷ್ಟರವರೆಗೆ ಯಾವ ಪಟಕ್ಕೂ ಬರೆದದ್ದಿಲ್ಲ.”

“ಬರೆದುಕೋ. ನೀನೂ ಬದುಕಿದ್ದಿಯಲ್ಲ” ಎಂದು ಅಮ್ಮ ಇಳಿದು ಹೋದರು. ಮುಂಡಪ್ಪ ಚಿನ್ನದ ಬಣ್ಣದಲ್ಲಿ, ಪುಸ್ತಕದಲ್ಲಿ ದೊಡ್ಡ ದೊಡ್ಡ ಕಲಾವಿದರು ಬರೆದಂತೆಯೇ, ‘ಮುಂಡಪ್ಪ, 1979’ ಎಂದು ಬರೆದ.

ಮರುವರ್ಷ ಅಮ್ಮ ತೀರಿಕೊಂಡರು. ಅವರ ಪಟವನ್ನೂ ಮುಂಡಪ್ಪನೇ ಬರೆದ, ಪಾಸ್‌ಪೋರ್ಟ್ ಫೋಟೋ ನೋಡಿಕೊಂಡು. ಬದುಕಿದ್ದವರು ಯಾರೂ ಮತ್ತೆ ಅವನೆದುರು ಬಂದು ಕೂರಲಿಲ್ಲ. ಬರಬರುತ್ತ ಕಲರ್ ಫೋಟೋ ಅಗ್ಗವಾಗಿ, ಸತ್ತವರೂ ಅವನಲ್ಲಿಗೆ ಬರುವುದು ಕಡಿಮೆಯಾಯಿತು. ವಾಶಿಯ ಹೊಸ ಅಂಗಡಿಗಳಿಗೆ ಬೋರ್ಡು ಬರೆದು ಕಾಲ ಹಾಕಿದ.

ಎಂಬತ್ತಾರರಲ್ಲಿ ಒಂದು ದಿನ ಕೆಲಸದ ಮೇಲೆ ಠಾಣೆಯಲ್ಲಿ ಇಳಿದವನು ದರ್ಬಾರಿನೊಳಗೆ ಹೋಗಿ ಕೂತ. ಗಲ್ಲಾದಲ್ಲಿ ಯಾರೋ ಹೊಸಬರು, ವೇಟರನೂ ಹೊಸಬ. ಗಲ್ಲಾದ ಹಿಂದಿನ ಗೋಡೆಯಲ್ಲಿ ಪಟ ಹಾಗೇ ಇತ್ತು. ಪಕ್ಕದ ಮೇಜಿನ ಗಿರಾಕಿ ಅದನ್ನೇ ನೋಡುತ್ತ ಕೇಳಿದರು, “ಯಾರು ಇವರು? ಭಾರೀ ಜೀವಕಳೆ ಉಂಟಲ್ಲ ಮುಖದಲ್ಲಿ!”

“ನಮ್ಮ ಶೆಟ್ರ ಅಪ್ಪ ಸರ್” ಎಂದ ವೇಟರು, ಪಟದ ಮೂಲೆಗೆ ಬೆರಳು ಮಾಡಿ. “ಅಲ್ಲಿ ಬರೆದುಂಟಲ್ಲ, ಮುಂಡಪ್ಪ ಅಂತ ಹೆಸರು. ಎಪ್ಪತ್ತೊಂಬತ್ತರಲ್ಲಿ ತೀರಿಕೊಂಡರು.”

ಮುಂಡಪ್ಪ ಧಡಕ್ಕನೆ ಎದ್ದ. ಚಾದ ಗ್ಲಾಸು ಮಗುಚಿತು.

“ಯಾರು ಹೇಳಿದ್ದು ನಿನಗೆ? ಮುಂಡಪ್ಪ ಸತ್ತಿಲ್ಲ!”

ಇಡೀ ಹೋಟೆಲು ತಿರುಗಿ ನೋಡಿತು. ವೇಟರು ಕಣ್ಣು ಕಣ್ಣು ಬಿಟ್ಟು, ಬಟ್ಟೆಯಿಂದ ಮೇಜು ಒರೆಸುತ್ತ ಮರ್ಯಾದೆಯಿಂದಲೇ ಕೇಳಿದ, “ನಿಮಗೆ ಅವರ ಪರಿಚಯ ಇತ್ತಾ ಸರ್?”

‘ನಾನೇ ಮುಂಡಪ್ಪ, ಆ ಪಟದಲ್ಲಿರುವುದು ನಿಮ್ಮ ಶೆಟ್ರೇ’ ಎಂಬುದು ನಾಲಗೆಯ ತುದಿಯವರೆಗೆ ಬಂದಿತ್ತು. ಮುದುಕಿಯ ಆಣೆ ನೆನಪಾಯಿತು.

“ಸ್ವಲ್ಪ ಇತ್ತು” ಎಂದು ಮುಂಡಪ್ಪ ಕೂತ.